ನಾಲ್ಕು ತುಂಡಾದ ಪುರಾಣ

ನಮ್ಮ ಅಕ್ಕನ ಬಗ್ಗೆ ಯಾರಾದರೂ "ಪಾಪ" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಅನ್ನುವವರು ಒಂದು ದಿನ ಬಂದು ಅವಳ ತಲೆ ಬಾಚಿ ಹೋಗಲಿ, ಸೀರೆಯ ನೆರಿಗೆ ಹಿಡಿದುಕೊಡಲಿ, ನೋಡೋಣ. ಯಾರೂ ಬರುವುದಿಲ್ಲ. ಕಟ್ಟೆಯ ಮೇಲೆ ಕೂತು ಪಾಪ ಅನ್ನುವುದಕ್ಕೆ ಗಂಟೇನು ಹೋಗುತ್ತದೆ?

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ನೆಗೆಣ್ಣಿ. ನನ್ನ ಗಂಡನ ಅಣ್ಣನ ಹೆಂಡತಿ, ವಿರೂಪಾಕ್ಷಮ್ಮ. ನಾನು ಅನುಸೂಯಾ, ಊರಿನ ಅಂಗನವಾಡಿ ನಡೆಸುವವಳು. ನಮ್ಮೂರು ತಳಕಲ್ಲಿನ ಮಗ್ಗುಲಿಗಿದೆ. ಸಂತೆ, ಗೊಬ್ಬರ, ಗುಳಿಗೆ, ಪಂಚಾಯಿತಿ ಜಗಳ, ಎಲ್ಲದಕ್ಕೂ ಕುಕನೂರಿಗೆ ಹೋಗುವವರು ನಾವು. ನೆಗೆಣ್ಣಿಯರು ಜಗಳಾಡದ ಮನೆ ಇಲ್ಲ ಅನ್ನುತ್ತಾರೆ. ನಾವೂ ಆಡಿದ್ದೇವೆ, ಓಣಿಯವರು ಹೊರಗೆ ಬಂದು ನಿಂತು ಕೇಳುವ ಹಾಗೆ ಆಡಿದ್ದೇವೆ. ಅವಳಿಗೆ ಕೀಲುಬ್ಯಾನಿ ಹತ್ತಿದ ಮೇಲೆ ಮಾತ್ರ ನಾನು ನನ್ನ ಜಗಳವನ್ನೆಲ್ಲ ಮನೆಯ ಹೊರಗೆ ಸಾಗಿಸಿಬಿಟ್ಟೆ.

ಬ್ಯಾನಿ ಮೊದಲು ಬಂದದ್ದು ಬೆರಳಿಗೆ. ಬೆಳಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಆಮೇಲೆ ಮಣಿಕಟ್ಟು, ಮೊಣಕಾಲು, ಕೊನೆಗೆ ಕುತ್ತಿಗೆ. ಕೊಪ್ಪಳದ ಡಾಕ್ಟರು ಎಲುಬಿನ ಫೋಟೋ ತೆಗೆಸಿ, ರಕ್ತ ನೋಡಿ, ಇದು ವಾಸಿಯಾಗುವ ಜಡ್ಡಲ್ಲ, ಸಂಭಾಳಿಸಿಕೊಂಡು ಹೋಗುವ ಜಡ್ಡು ಎಂದರು. ಅಕ್ಕ ಸಂಭಾಳಿಸಿದಳು. ರೊಟ್ಟಿ ಬಡಿಯುವುದು ಹೋಯಿತು, ಅದನ್ನು ನಾನು ತೆಗೆದುಕೊಂಡೆ. ರಂಗೋಲಿ ಹೋಯಿತು. ಅವಳ ಕೈಯಿಂದ ಕೌದಿ ಹೊಲಿಸಿಕೊಳ್ಳಲು ಯಲಬುರ್ಗಿಯಿಂದ ಹಳೆ ಸೀರೆ ಹೊತ್ತು ಬರುತ್ತಿದ್ದರು, ಅದೂ ಹೋಯಿತು. ಉಳಿದದ್ದು ಒಂದೇ. ಶ್ರಾವಣದಲ್ಲಿ ಈಶ್ವರ ಗುಡಿಯ ಪುರಾಣ ಓದುವುದು.

ಆ ಓದು ಅವಳಿಗೆ ಬಂದದ್ದು ಗೋಣೆಪ್ಪಜ್ಜನಿಂದ. ನಾನು ಈ ಊರಿಗೆ ಸೊಸೆಯಾಗಿ ಬರುವುದಕ್ಕೂ ಮೊದಲಿನಿಂದ ಶ್ರಾವಣದ ಸಂಜೆಗಳು ಅಜ್ಜನವು. ಆರು ವರ್ಷದ ಹಿಂದೆ ಅವನ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು, ಆದರೂ ಅಕ್ಷರ ಕಾಣುವುದಿಲ್ಲ ಎಂದು ಹೇಳಿ ಪುಸ್ತಕ ಕೆಳಗಿಟ್ಟ. ಅಕ್ಕ ಮನೆಯಲ್ಲಿ ಓದುವುದನ್ನು ಓಣಿಯಲ್ಲಿ ಹೋಗುವಾಗ ಅವನು ಕೇಳಿದ್ದ. "ಆಕಿ ಓದಲಿ" ಅಂದ. ಹೆಂಗಸು ಪುರಾಣ ಓದುವುದುಂಟೇ ಎಂದು ಗುಸುಗುಸು ಎಬ್ಬಿಸಿದವರು ವಾರ ಕಳೆಯುವುದರೊಳಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದು ಕೂತಿದ್ದರು. ಅಕ್ಕನ ದನಿ ಅಂಥದ್ದು. ಅಜ್ಜ ಮಾತ್ರ ಅಂದಿನಿಂದ ಗುಡಿಯ ಎರಡನೇ ಕಂಬಕ್ಕೆ ಒರಗಿ, ಅರ್ಧ ಕೂತು ಅರ್ಧ ನಿಂತು, ಪುರಾಣ ಮುಗಿಯುವ ಮಂಗಲದ ದಿನದ ತನಕ ಒಂದು ಸಂಜೆಯೂ ತಪ್ಪಿಸದೆ ಕೇಳುತ್ತಾನೆ.

ಇನ್ನು ಪುಸ್ತಕ. ಅದು ಪುಸ್ತಕವಲ್ಲ, ಬೀಸುವ ಕಲ್ಲು. ಹಳೆಯ ಕಾಲದ ಅಚ್ಚು, ದಪ್ಪ ಅಕ್ಷರ, ದಪ್ಪ ಹಾಳೆ, ಹಲಗೆಯಂಥ ರಟ್ಟು. ಓದುವ ನಿಯಮಗಳು ಅದಕ್ಕಿಂತ ಭಾರ. ಪುಸ್ತಕ ನೆಲಕ್ಕೆ ತಾಗಬಾರದು. ಓದುವವರು ಗದ್ದುಗೆಯ ಮೇಲೆ ನೆಲಮಟ್ಟದಲ್ಲೇ ಕೂರಬೇಕು, ಕುರ್ಚಿ ನಡೆಯುವುದಿಲ್ಲ. ಒಂದು ಸಂಧಿ, ಅಂದರೆ ಒಂದು ಅಧ್ಯಾಯ, ಶುರುವಾದರೆ ಮುಗಿಯುವ ತನಕ ನಿಲ್ಲಬಾರದು. ನಿಂತರೆ ಪುರಾಣ ಭಂಗವಾಯಿತು ಎಂದೇ ಲೆಕ್ಕ. ಗುಡಿಯಲ್ಲಿ ಮಡಚುವ ವ್ಯಾಸಪೀಠ ಒಂದಿದೆ, ಅದರ ಎತ್ತರ ಒಂದು ಗೇಣು. ಅದರ ಮೇಲಿಟ್ಟರೆ ಕುತ್ತಿಗೆ ಬಗ್ಗಿಸಬೇಕು, ಬಗ್ಗಿಸಿದರೆ ಅಕ್ಕನಿಗೆ ಕಿವಿಯ ಹಿಂದಿನಿಂದ ಹೆಗಲ ತನಕ ಬೆಂಕಿ. ಎತ್ತಿ ಹಿಡಿದರೆ ಮಣಿಕಟ್ಟಿಗೆ ಬೆಂಕಿ.

ಮನೆಯಲ್ಲಿ ಅವಳು ಓದುವ ಠೀವಿ ನೋಡಬೇಕು. ಗೋಡೆಗೆ ಬೆನ್ನು, ಸೊಂಟದ ಹಿಂದೆ ಸುರುಳಿ ಸುತ್ತಿದ ಟವೆಲ್ಲು, ಒಂದು ಕಾಲು ಚಾಚಿ, ತೊಡೆಯ ಮೇಲೆ ಮಡಿಚಿ ಮಡಿಚಿ ಎದೆಮಟ್ಟ ಏರಿಸಿದ ಕೌದಿ, ಎರಡೂ ಮೊಣಕೈ ಕೆಳಗೆ ದಿಂಬು. ಪುಸ್ತಕದ ಭಾರ ಕೌದಿಗೆ, ಕೈಯ ಭಾರ ದಿಂಬಿಗೆ. ಹಾಳೆ ತಿರುವುವುದು ಬೆರಳಿನಿಂದಲ್ಲ, ಅಂಗೈಯಿಂದ. ಆದರೆ ಆ ಕೌದಿ ಗುಡಿಗೆ ಬರುವಂತಿಲ್ಲ. ಹಾಸಿ ಹೊದ್ದ ಬಟ್ಟೆ ಪುರಾಣದ ಕೆಳಗೆ ಮೈಲಿಗೆ.

ಒಮ್ಮೆ ಕೇಳಿದ್ದೆ, "ಓದೂವಾಗ ಬ್ಯಾನಿ ಹೋಗತೈತೇನಕ್ಕಾ?"

"ಎಲ್ಲಿಗ್ ಹೋಗತೈತಿ? ಇಲ್ಲೇ ಇರತೈತಿ. ಆದ್ರ ಒಬ್ಬಾಕಿನ ಕುಂತು ಅದರ ಜೋಡಿ ಮಾತಾಡೂದು ತಪ್ಪತೈತಿ ನೋಡು" ಎಂದಳು.

ಈ ಸಲದ ಶ್ರಾವಣದ ಎರಡನೇ ಸೋಮವಾರ ಗುಡಿ ತುಂಬಿತ್ತು. ನಾನು ಹಾಳೆ ತಿರುವಲು ಅಕ್ಕನ ಪಕ್ಕದಲ್ಲೇ ಕೂತಿರುತ್ತೇನೆ. ಸಂಧಿ ಅರ್ಧಕ್ಕೆ ಬಂದಿತ್ತು. ಕಂಬಕ್ಕೆ ಒರಗಿದ್ದ ಗೋಣೆಪ್ಪಜ್ಜ ಯಾಕೋ ತಟ್ಟನೆ ಮುಂದಕ್ಕೆ ಬಾಗಿದ. ಅವನು ಬಾಗಿದ ಮೇಲೆ ನಾನು ಅಕ್ಕನ ಕಡೆ ನೋಡಿದೆ. ಅವಳ ಬಲಗೈ ಮಣಿಕಟ್ಟು ಸಡಿಲಾಗಿ ಪುಸ್ತಕ ನೆಲದ ಕಡೆ ಜಾರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪುಸ್ತಕ ಉಳಿಯಿತು, ದನಿ ನಿಂತಿತು.

ಅಷ್ಟರಲ್ಲಿ ತಬಲಾ ನುಡಿಸುವ ಉಮರಸಾಬ, ಇದು ಮೊದಲೇ ಗೊತ್ತುಮಾಡಿಕೊಂಡದ್ದು ಅನ್ನುವ ಹಾಗೆ, ಕಣ್ಣು ಮುಚ್ಚಿ ತಬಲಾ ಬಾರಿಸತೊಡಗಿದ. ಬಾರಿಸಿದ ಅಂದರೆ ಬಾರಿಸಿದ, ಮಂದಿ ತಲೆದೂಗಿ ವಾಹವಾ ಅಂದರು. ಅಕ್ಕ ಉಸಿರೆಳೆದುಕೊಂಡು, ಪುಸ್ತಕದ ಅರ್ಧ ಭಾರ ನನ್ನ ಮೊಣಕಾಲಿಗೆ ಹಾಕಿ, ಸಂಧಿ ಮುಗಿಸಿದಳು. ಊರಿಗೆ ಗೊತ್ತಾಗಲಿಲ್ಲ. ಗುಡಿ ಕಮಿಟಿಯ ಅಧ್ಯಕ್ಷ ಗೋವಿಂದರಾಜನಿಗೆ ಗೊತ್ತಾಯಿತು.

ಗೋವಿಂದರಾಜನಿಗೆ ಕುಕನೂರಿನಲ್ಲಿ ಗೊಬ್ಬರದ ಅಂಗಡಿ. ಕೆಟ್ಟ ಮನುಷ್ಯನಲ್ಲ, ಊರಿನ ಭಾರವೆಲ್ಲ ತನ್ನ ತಲೆಯ ಮೇಲೇ ಇದೆ ಅಂದುಕೊಂಡವನು. ಮರುದಿನ ಬೆಳಗ್ಗೆ ಬಂದು, ಚಹಾ ಕುಡಿದು, ಕಿಸೆಯಿಂದ ಒಂದು ಪೆನ್‌ಡ್ರೈವ್ ತೆಗೆದು ಹೊರಸಿನ ಮೇಲೆ ಇಟ್ಟ.

"ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ತ್ರಾಸ ನಮಗ ನೋಡಾಕ ಆಗವಲ್ದು. ಇದರಾಗ ಇಡೀ ಪುರಾಣ ಐತಿ, ಭಾಳ ಛಲೋ ಹಾಡ್ಯಾರ. ಮೈಕಿಗೆ ಹಚ್ಚಿದ್ರ ಮುಗೀತು. ನೀವು ಮುಂದ ಆರಾಮ ಕುಂತು ಕೇಳ್ರಿ."

"ಹಂಗಾರ ದೇವ್ರಿಂದೂ ಒಂದು ಫೋಟೋ ಹಚ್ಚಿ ಗುಡಿಗೆ ಕೀಲಿ ಹಾಕಿಬಿಡ್ರಿ" ಅಂದೆ ನಾನು. "ಪೂಜಾರಿಗೂ ಆರಾಮ ಆಗಲಿ."

ಅವನು ನನ್ನ ಕಡೆ ನೋಡಲಿಲ್ಲ. "ಭಂಗ ಆದ್ರ ಮಂದಿ ನನ್ನ ಕೇಳ್ತಾರ್ರಿ. ನಿನ್ನಿ ಉಮರಸಾಬ ಉಳಿಸ್ಯಾನ. ಇನ್ನೊಮ್ಮಿ ಓದು ನಿಂತ್ರ ಅವತ್ತಿಂದ ಇದ ಹಚ್ಚೂದು. ಮುಂದಿನ ವರ್ಷಾನೂ ಇದ" ಅಂದ.

"ಆಗಲಿ" ಅಂದಳು ಅಕ್ಕ. ಅವನು ಹೋದ ಮೇಲೆ ತನ್ನ ಅಂಗೈಗಳನ್ನು ತೊಡೆಯ ಮೇಲೆ ಹರವಿಕೊಂಡು ಕೂತಳು. "ಅನುಸೂಯಾ, ಇದೂ ಹೋದ್ರ ನಾ ಬರೀ ಬ್ಯಾನಿ ಆಗಿ ಉಳೀತೀನಿ" ಅಂದಳು. ಅವಳು ಅಳುವವಳಲ್ಲ. ಅಂದೂ ಅಳಲಿಲ್ಲ. ನನಗೇ ಅಳು ಬಂತು, ಅದನ್ನು ತಡೆಯಲು ಪಾತ್ರೆ ಕುಕ್ಕಿದೆ.

ಮನೆಯ ಕೌದಿ ನಡೆಯದಿದ್ದರೆ ಕಟ್ಟಿಗೆ ನಡೆಯಬೇಕಲ್ಲ? ತೊಡೆಯ ಮೇಲೆ ದಾಟಿ ನಿಲ್ಲುವ ಒಂದು ಸಣ್ಣ ಮಣೆ, ಮೇಲೆ ಇಳಿಜಾರು ಹಲಗೆ, ಎರಡೂ ಕಡೆ ಮೊಣಕೈ ಊರಲು ಪಟ್ಟಿ. ಅಷ್ಟು ಮಾಡಿಸಿದರೆ ಪುಸ್ತಕ ಎದೆಮಟ್ಟಕ್ಕೆ ಬರುತ್ತದೆ, ಕುತ್ತಿಗೆ ಬಗ್ಗಿಸಬೇಕಿಲ್ಲ, ಕೈ ಎತ್ತಬೇಕಿಲ್ಲ. ನಮ್ಮ ಅಂಗನವಾಡಿಗೆ ಮರದ ಗೊಂಬೆ ಕೊಟ್ಟಿದ್ದ, ಬಣ್ಣದ ಗೊಂಬೆ-ದೇವರುಗಳಿಗೆ ಹೆಸರಾದ ಊರು ಕಿನ್ನಾಳದ ಪಂಪಣ್ಣ ನೆನಪಾದ. ಅವತ್ತೇ ಬಸ್‌ಸ್ಟ್ಯಾಂಡಿಗೆ ಹೋದೆ. ಬೇವಿನ ಕೆಳಗೆ ಗೋಣೆಪ್ಪಜ್ಜ ನಿಂತಿದ್ದ. ದೂರದಲ್ಲಿ ಧೂಳು ಎದ್ದಾಗ, "ಕೊಪ್ಪಳ ಬಸ್ಸು ಬಂತ ನೋಡವ್ವಾ" ಅಂದ. ಬೋರ್ಡು ನನಗೇ ಇನ್ನೂ ಕಾಣುತ್ತಿರಲಿಲ್ಲ. ಕಣ್ಣು ಹೋದವರಿಗೆ ಕಿವಿ ಚುರುಕು, ಸಪ್ಪಳದ ಮೇಲೆ ಗುರುತು ಹಿಡಿಯುತ್ತಾನೆ ಮುದುಕ, ಅಂದುಕೊಂಡು ಹತ್ತಿದೆ.

ಪಂಪಣ್ಣ ಗಣಪತಿ ಹಬ್ಬದ ಕೆಲಸದಲ್ಲಿ ಮುಳುಗಿಹೋಗಿದ್ದ. ಆದರೂ ಪುರಾಣಕ್ಕೆ ಅಂದ ಕೂಡಲೇ ಒಪ್ಪಿಕೊಂಡ. ನಾನು ನೆಲದ ಮೇಲೆ ಅಕ್ಕನ ಹಾಗೆ ಒಂದು ಕಾಲು ಚಾಚಿ ಕೂತು ಅಳತೆ ಕೊಟ್ಟೆ, ಅವನು ದಾರದಲ್ಲಿ ಗಂಟು ಹಾಕಿಕೊಂಡ. ಗೊಂಬೆ ಮಾಡುವ ಹಗುರ ಕಟ್ಟಿಗೆಯಲ್ಲೇ ಮಾಡುತ್ತೇನೆ, ಒಂದು ಬೆರಳಲ್ಲಿ ಎತ್ತಬಹುದು ಅಂದ. ಮಾಡಿದ ಕೂಡಲೇ ಕುಕನೂರಿನ ತನಕ ಕಳಿಸಿಯೂ ಕೊಟ್ಟ. ಹಳೆ ಪೇಪರಿನಲ್ಲಿ ಸುತ್ತಿ ಸುತ್ತಿ ಕಟ್ಟಿದ್ದ. ಸುತ್ತು ಬಿಚ್ಚದೆ ನೇರ ಗುಡಿಗೇ ಒಯ್ದು ಮಂದಿಯ ಮುಂದೆ ಬಿಚ್ಚಿದೆ, ಗೋವಿಂದರಾಜ ನೋಡಲಿ ಅಂತ. ನನಗೂ ಸ್ವಲ್ಪ ಸೊಕ್ಕು ಇದೆ, ಇಲ್ಲ ಅನ್ನುವುದಿಲ್ಲ.

ಪೇಪರು ಬಿಚ್ಚಿದೊಡನೆ ಗುಡಿಯಲ್ಲಿ ಇದ್ದವರೆಲ್ಲ ಕೈ ಮುಗಿದರು. ಪಂಪಣ್ಣ ಮಂದಿಗೆ ಕಾಣುವ ಮಗ್ಗುಲಿಗೆ ಲಕ್ಷ್ಮಿಯನ್ನು ಬರೆದಿದ್ದ. ಕಮಲದ ಮೇಲೆ ಕೂತ ಲಕ್ಷ್ಮಿ, ಎರಡೂ ಕಡೆ ಆನೆ, ಮೊಣಕೈ ಊರುವ ಪಟ್ಟಿಗೆ ಅರಿಶಿಣ ಬಣ್ಣ ಬಳಿದು ದೇವಿಯ ಪಾದಗಳು. ಕಣ್ಣಂತೂ ಎದ್ದು ಬಂದ ಹಾಗಿತ್ತು.

ಮೊದಲು ಕುಂಕುಮ ಬಿತ್ತು, ಆಮೇಲೆ ಹೂವಿನ ಮಾಲೆ. "ಲಕ್ಷ್ಮೀ ಕೆಳಗ ಕಾಲು ಚಾಚಿ ಹ್ಯಾಂಗ ಕುಂದ್ರತೀಯವ್ವಾ? ಪಾದದ ಮ್ಯಾಲ ಮೊಣಕೈ ಊರತಿಯೇನು?" ಎಂದರು ಹಿರಿಯರು. ಮಣೆಯನ್ನು ಎತ್ತಿ ಗರ್ಭಗುಡಿಯ ಹೊಸ್ತಿಲ ಪಕ್ಕ ಇಟ್ಟು ಊದಿನಕಡ್ಡಿ ಹಚ್ಚಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. ಅಕ್ಕ ಆ ಸಂಜೆಯೂ ಕಲ್ಲಿನಂಥ ಪುಸ್ತಕವನ್ನು ತೊಡೆಯ ಮೇಲೆ ಹೊತ್ತು, ತನ್ನ ಮಣೆಗೆ ಮಂಗಳಾರತಿ ಆಗುವುದನ್ನು ನೋಡುತ್ತ ಓದಿದಳು.

ಪಂಪಣ್ಣನಿಗೆ ಫೋನು ಹಚ್ಚಿ ಬಾಯಿಗೆ ಬಂದ ಹಾಗೆ ಬೈದೆ. "ಕಿನ್ನಾಳದಿಂದ ಗುಡಿಗೆ ಬರೀ ಹಲಿಗಿ ಕಳಸಿದ್ರ ಮಂದಿ ನನಗ ಏನಂದಾರ್ರೀ ಅಕ್ಕಾರ?" ಅಂದ ಅವನು, ಅಳುವ ದನಿಯಲ್ಲಿ. ಇನ್ನೊಂದು ಮಾಡಿಕೊಡು ಅಂದರೆ, ಹಬ್ಬ ಮುಗಿಯುವ ತನಕ ತಲೆ ಎತ್ತಲು ಬಿಡುವಿಲ್ಲ. ಅಷ್ಟರಲ್ಲಿ ಪುರಾಣವೇ ಮುಗಿದಿರುತ್ತದೆ.

ಮರುದಿನ ಮಧ್ಯಾಹ್ನ ಗಂಡಸರು ಹೊಲದಲ್ಲಿದ್ದರು. ಶ್ರಾವಣ ಮುಗಿಯುವ ತನಕ ಪುಸ್ತಕ ಓದುವವರ ಮನೆಯ ದೇವರ ಜಗಲಿಯಲ್ಲೇ ಇರುತ್ತದೆ. ಸಂಜೆಗೆ ಕೆಂಪು ವಸ್ತ್ರದಲ್ಲಿ ಸುತ್ತಿ ತಲೆಯ ಮೇಲಿಟ್ಟು ಗುಡಿಗೆ ಒಯ್ಯುವುದು. ಅಕ್ಕ ಬಾಗಿಲು ಮುಂದೆ ಮಾಡಲು ಹೇಳಿದಳು.

"ಬ್ಲೇಡ್ ತಗೊಂಡ್ ಬಾ" ಅಂದಳು.

"ಯಾಕ?"

"ಇದರ ಹೊಲಿಗಿ ಬಿಚ್ಚೋಣು. ನಾಕು ಭಾಗ ಮಾಡೋಣು. ಒಂದೊಂದನ್ನ ನನಗ ಹಿಡಿಯಾಕ ಬರತೈತಿ."

ನೂರಾರು ಸಂಜೆ ಜನ ಕೈ ಮುಗಿದ ಪುಸ್ತಕ. ತಪ್ಪಿ ಕಾಲು ತಾಗಿದರೆ ಕೆನ್ನೆ ಬಡಿದುಕೊಳ್ಳುವವರು ನಾವು. "ಅಕ್ಕಾ, ತಲಿ ಕೆಟ್ಟೈತೇನು? ಗೊತ್ತಾದ್ರ ಊರಾಗ ಮಾರಿ ತೋರಿಸಾಕ ಆಗಂಗಿಲ್ಲ. ದೇವ್ರು ಸುಮ್ನ ಬಿಟ್ಟಾನೇನು?"

"ಒಳಗಿಂದು ಒಂದಕ್ಷರ ಕಡಿಮಿ ಆಗಂಗಿಲ್ಲ. ಬರೀ ದಾರ ಕೊಯ್ಯೂದು. ಮಂಗಲದ ಮುಂದ ಮತ್ತ ಹಚ್ಚಿಬಿಡೋಣು." ಅವಳು ನನ್ನ ಮುಖ ನೋಡಿದಳು. "ಇಲ್ಲಾಂದ್ರ ಇವತ್ತ ಸಂಜಿಗೆ ನನ್ನ ಕೈ ಬಿಡತೈತಿ. ನನಗ ಗೊತ್ತೈತಿ. ಹೇಳು, ಏನ್ ಮಾಡ್ಲಿ?"

ನಾನು ಬ್ಲೇಡು ತಂದೆ. ಅಕ್ಕ ಪುಸ್ತಕಕ್ಕೆ ಹಣೆ ಹಚ್ಚಿ, ತಪ್ಪಾತು ಅಂತ ಬೇಡಿಕೊಂಡಳು. ಬೆನ್ನಿನ ರಟ್ಟು ಬಿಚ್ಚಿ, ಎಲ್ಲೆಲ್ಲಿ ಸಂಧಿ ಮುಗಿಯುತ್ತದೋ ಅಲ್ಲಲ್ಲಿ ಅವಳು ತೋರಿಸಿದ ಕಡೆ ದಾರ ಕೊಯ್ದೆ. ಅವಳ ಸೊಟ್ಟ ಬೆರಳು ಒಂದು ಚೂರೂ ಅಲುಗಲಿಲ್ಲ. ಆಮೇಲೆ ಕೌದಿ ಹೊಲಿಯುವ ದಬ್ಬಣದಿಂದ ಒಂದೊಂದು ತುಂಡಿಗೂ ಹೊಸ ಕೆಂಪು ಬಟ್ಟೆಯ ಹೊದಿಕೆ ಹೊಲಿದೆ.

ಆ ಸಂಜೆ ಅವಳು ಓದಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಉಳಿದ ಗಂಟು ಪಕ್ಕದ ವ್ಯಾಸಪೀಠದ ಮೇಲೆ, ಓದುವ ತುಂಡು ಮಾತ್ರ ಅವಳ ಕೈಯಲ್ಲಿ. ವಸ್ತ್ರದ ಅಂಚು ಇಳಿಬಿಟ್ಟಿದ್ದರಿಂದ ಎದುರು ಕೂತವರಿಗೆ ಏನೂ ಕಾಣುತ್ತಿರಲಿಲ್ಲ. ಕುತ್ತಿಗೆ ನೆಟ್ಟಗಿತ್ತು. ಇಷ್ಟು ವರ್ಷ ಪುಸ್ತಕದ ಕೆಳಗೆ ಸಿಕ್ಕಿದ್ದ ದನಿ ಈಗ ಎದ್ದು ಗುಡಿಯ ಹೊರಗೆ ಕಟ್ಟೆಯ ತನಕ ಹೋಯಿತು. ಉಮರಸಾಬ ತಬಲಾ ಬಾರಿಸುತ್ತ ನಗುತ್ತಿದ್ದ.

ಆದರೆ ನನಗೆ ಅಂದಿನಿಂದ ಅನ್ನ ಸೇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಪುಸ್ತಕ ಅಂದರೂ ಬೆಚ್ಚುತ್ತಿದ್ದೆ. ಒಂದು ಸಂಜೆ ನಾನು ಗಂಟನ್ನು ತಲೆಯ ಮೇಲಿನಿಂದ ಇಳಿಸುವಾಗ ಗೋವಿಂದರಾಜ ಹಿಡಿಯಲು ಕೈ ಚಾಚಿದ. ಒಳಗೆ ತುಂಡುಗಳು ಒಂದರ ಮೇಲೊಂದು ಸರಿದದ್ದು ನನಗೆ ತಿಳಿಯಿತು. "ಮಡೀಲೆ ತಂದೀನಿ, ಮುಟ್ಟಬ್ಯಾಡ್ರಿ" ಅಂತ ಬಿರುಸಾಗಿ ಅಂದುಬಿಟ್ಟೆ. ಅವನು ಪೆಚ್ಚಾಗಿ ಹಿಂದೆ ಸರಿದ. ಕಂಬದ ಕಡೆಯಿಂದ ಗೋಣೆಪ್ಪಜ್ಜ ಕೆಮ್ಮಿದ. ಅವನ ಮುಖ ಗಂಟಿನ ಕಡೆಗೇ ಇತ್ತು.

ಅಮಾವಾಸ್ಯೆಗೆ ಮಂಗಲ. ನಮ್ಮೂರಿನ ಪದ್ಧತಿ ಹೀಗೆ: ಕೊನೆಯ ಸಂಧಿ ಮುಗಿದ ಮೇಲೆ ಪುರಾಣದ ವಸ್ತ್ರ ಬಿಚ್ಚಿ, ಹಿಂದೆ ಓದಿದ ಹಿರಿಯರ ಎರಡೂ ಕೈಯಲ್ಲಿ ಇಟ್ಟು, ಮಂಗಳಾರತಿ ಬೆಳಗಬೇಕು, ಆಮೇಲೆ ಊರೆಲ್ಲ ಬಂದು ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಗೋಣೆಪ್ಪಜ್ಜ ಓದು ಬಿಟ್ಟಾಗಿನಿಂದ ಪುಸ್ತಕ ಹಿಡಿದಿಲ್ಲ. ಕಣ್ಣು ಕಾಣದೆ ಬೀಳಿಸಿಬಿಟ್ಟೇನು ಎಂದು ಗೋವಿಂದರಾಜನ ಕೈಗೆ ಕೊಡಿಸಿ ತಾನು ಬರೀ ಬೆರಳು ತಾಗಿಸುತ್ತಿದ್ದ. ಯಾರ ಕೈಗೆ ಹೋದರೂ, ವಸ್ತ್ರ ಬಿಚ್ಚುವ ಮುಂಚೆ ಪುಸ್ತಕ ಒಂದಾಗಲೇಬೇಕಿತ್ತು. ಮೈದಾ ಹಿಟ್ಟಿನ ಅಂಟು ಕಾಯಿಸಿ ಬೆನ್ನಿಗೆ ಬಳಿದು, ಮೇಲೆ ಒಳಕಲ್ಲಿನ ಗುಂಡು ಹೇರಿದೆ. ಮೋಡ ಮುಚ್ಚಿದ ಹವೆ, ಅಂಟು ಒಣಗಲಿಲ್ಲ. ಅಮಾವಾಸ್ಯೆಯ ಬೆಳಗ್ಗೆ ಎತ್ತಿದರೆ ನಾಲ್ಕೂ ತುಂಡು ನಾಲ್ಕು ದಿಕ್ಕಿಗೆ ಬಿದ್ದವು, ಬೆನ್ನು ಮಾತ್ರ ಉಬ್ಬಿ ಕೂತಿತ್ತು.

"ಮೈ ಸರಿ ಇಲ್ಲಂತ ಹೇಳಿ ಕಳಸೋಣು" ಅಂದೆ.

"ಸಾಕು ಸುಮ್ನಿರು. ಕಳ್ಳರಂಗ ಓದೂದು ಸಾಕಾತು ನನಗ" ಅಂದಳು ಅಕ್ಕ.

ಸಂಜೆ ಗುಡಿಯ ಹೊರಗೆ ಗೋದಿ ಹುಗ್ಗಿ ಕುದಿಯುತ್ತಿತ್ತು, ಪೆಂಡಾಲಿನಲ್ಲಿ ಕುರ್ಚಿ ಹಾಕಿದ್ದರು. ಅಕ್ಕ ಕೊನೆಯ ಸಂಧಿ ಓದಿದಳು, ಎಲ್ಲೂ ತಡವರಿಸಲಿಲ್ಲ. ಗಂಟೆ ಬಾರಿಸಿದರು. ಗೋವಿಂದರಾಜ ತಾಟಿನಲ್ಲಿ ಕರ್ಪೂರ ಇಟ್ಟುಕೊಂಡು, "ವಸ್ತ್ರ ಬಿಚ್ರಿ ಅಕ್ಕಾರ. ಅಜ್ಜಾರ, ನೀವೂ ಬರ್ರಿ" ಅಂದ.

ಅಕ್ಕ ಮೈಕನ್ನು ತನ್ನ ಕಡೆ ಎಳೆದುಕೊಂಡಳು. "ಹಿರ್ಯಾರು ಒಂದು ಮಾತು ಕೇಳ್ಬೇಕು. ಪುರಾಣ ನನಗ ಎತ್ತಾಕ ಆಗಲಿಲ್ಲ. ಓದೂದು ಬಿಡಾಕೂ ಆಗಲಿಲ್ಲ. ಹೊಲಿಗಿ ಬಿಚ್ಚಿ ನಾಕು ಭಾಗ ಮಾಡೀನಿ. ತಪ್ಪು ಅಂದ್ರ ನಂದ ತಪ್ಪು." ಸೊಟ್ಟ ಬೆರಳುಗಳಿಂದ ಗಂಟು ಬಿಚ್ಚಿ ನಾಲ್ಕೂ ತುಂಡುಗಳನ್ನು ವ್ಯಾಸಪೀಠದ ಮೇಲೆ ಸಾಲಾಗಿ ಇಟ್ಟಳು.

ನಾನು ಎದ್ದು ನಿಂತೆ. "ಕೊಯ್ದಾಕಿ ನಾನು" ಅಂದೆ. ಮೈಕು ಇಲ್ಲದಿದ್ದರೂ ನನ್ನ ದನಿ ಎಲ್ಲರಿಗೂ ಕೇಳುತ್ತದೆ.

ಹೆಂಗಸರ ಕಡೆಯಿಂದ "ಶಿವಶಿವಾ" ಕೇಳಿಸಿತು, ಗಂಡಸರ ಕಡೆಯಿಂದ ಒಬ್ಬೊಬ್ಬರೇ ಏಳತೊಡಗಿದರು. ಒಬ್ಬ, "ಹೆಂಗಸ್ರ ಕೈಯಾಗ ಕೊಟ್ರ ಹಿಂಗ ಆಗೂದು" ಅಂದ. ಗೋವಿಂದರಾಜನ ಮುಖ ಕಪ್ಪಿಟ್ಟಿತ್ತು. ತಾಟಿನ ಕರ್ಪೂರ ಹಚ್ಚದೆ ಕೆಳಗಿಟ್ಟ.

"ಎಂಥಾ ಕೆಲಸ ಮಾಡಿದ್ರಿ ಅಕ್ಕಾರ. ಇನ್ನ ಇದು ನಿಮ್ಮ ಮನಿಗೆ ಬರಂಗಿಲ್ಲ. ಇವತ್ತಿಗೆ ಮುಗೀತು" ಅಂದ.

ಅಕ್ಕ ಏಳಲು ನೆಲಕ್ಕೆ ಅಂಗೈ ಊರಿದಳು, ಮಣಿಕಟ್ಟು ತಡೆಯದೆ ಮತ್ತೆ ಕೂತಳು. ಎಬ್ಬಿಸಲು ನಾನು ಬಾಗಿದೆ.

"ತಡೀರಿ" ಅಂದ ಗೋಣೆಪ್ಪಜ್ಜ. ಕಂಬ ಬಿಟ್ಟು, ಸೊಂಟಕ್ಕೆ ಕೈ ಕೊಟ್ಟುಕೊಂಡು, ಗದ್ದುಗೆಯ ತನಕ ಬಂದ. "ಅದರಾಗಿಂದು ಒಂದು ತುಂಡು ಕೊಡು ಇಲ್ಲೆ."

ಅಕ್ಕ ಕೊನೆಯ ತುಂಡು ಕೊಟ್ಟಳು. ಅವನು ಅದನ್ನು ಒಂದೇ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಮಾಡಿ ತೂಗಿ ನೋಡಿದ. ನಡುವೆ ಎಲ್ಲೋ ತೆರೆದು, ನಿಂತಲ್ಲೇ, ರಾಗ ಎತ್ತಿ ಓದಿದ. ಬಹಳ ದಿನದಿಂದ ಕೇಳದ ದನಿ ಅದು. ಏಳುತ್ತಿದ್ದ ಗಂಡಸರು ನಿಂತಲ್ಲೇ ನಿಂತರು.

"ಅಜ್ಜಾರಿಗೆ ಎಲ್ಲಾ ಬಾಯಿಪಾಠ ಐತಿ" ಅಂದ ಗೋವಿಂದರಾಜ, ಮಂದಿಗೆ ತಿಳಿಯಲಿ ಅಂತ.

ಅಜ್ಜ ಅವನ ಕಡೆ ಒಮ್ಮೆ ನೋಡಿದ. ಆಮೇಲೆ ಪುಸ್ತಕದ ಕಟ್ಟಕಡೆಯ ಹಾಳೆ ತಿರುವಿದ. ಅಲ್ಲಿ ಪದ್ಯವಿಲ್ಲ, ಆ ಕಾಲದಲ್ಲಿ ಅಚ್ಚು ಹಾಕಿಸಲು ದಾನ ಕೊಟ್ಟವರ ಹೆಸರುಗಳು ಸಣ್ಣ ಅಕ್ಷರದಲ್ಲಿವೆ. ಯಾರೂ ಯಾವತ್ತೂ ಓದದ ಹಾಳೆ ಅದು. ಅಜ್ಜ ಬೆರಳಿಡದೆ, ತಡವರಿಸದೆ, ಒಂದೊಂದೇ ಹೆಸರು ಓದತೊಡಗಿದ, ಯಾವ ಊರು, ಯಾರ ಮಗ, ಎಲ್ಲ.

ಅಕ್ಕ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು. "ಅಜ್ಜಾರ, ನಿಮಗ ಕಾಣತೈತಿ" ಅಂದಳು.

"ಆಪರೇಷನ್ ಆದಾಗಿಂದ ಕಾಣತೈತಿ ತಂಗಿ." ಅಜ್ಜ ಪುಸ್ತಕ ಮುಚ್ಚಿದ. "ಹೋಗಿದ್ದು ಕಣ್ಣಲ್ಲ, ಸೊಂಟ. ನೆಲಕ್ಕ ಕುಂದ್ರಾಕ ಆಗವಲ್ದು, ಇದನ್ನ ಎತ್ತಾಕ ಆಗವಲ್ದು. ಕಣ್ಣು ಹೋತು ಅಂದ್ರ ಮಂದಿ ಕೈ ಹಿಡದು ದಾಟಸ್ತಾರ. ಬ್ಯಾನಿ ಅಂದ್ರ ಸೋಗು ಅಂತಾರ. ಅದಕ್ಕ ಕಣ್ಣಿನ ಮ್ಯಾಲ ಹಾಕಿದೆ."

"ನನಗಾರ ಹೇಳಬಾರದಾಗಿತ್ತೇನ್ರಿ?"

ಅಜ್ಜನ ಕಣ್ಣಲ್ಲಿ ನೀರು ಬಂದಿತ್ತು. "ನಿನ್ನ ಕೈ ನಡಗೂದು ಮೊದಲನೇ ವರ್ಷದಿಂದ ಆ ಕಂಬದ ಬುಡಕ ನಿಂತು ದಿನಾ ನೋಡೀನಿ. ಪುಸ್ತಕ ಇಟ್ಟುಬಿಡವ್ವಾ ಅಂತ ಬಾಯಿ ತನಕ ಬರತಿತ್ತು. ಕಾಣತೈತಿ ಅಂತ ಹ್ಯಾಂಗ ಹೇಳ್ಲಿ ತಂಗಿ?"

ಅಕ್ಕನಿಗೆ ಸಿಟ್ಟು ಬಂತು, ಅವಳ ಹುಬ್ಬು ನೋಡಿದರೆ ನನಗೆ ತಿಳಿಯುತ್ತದೆ. ನನಗಂತೂ ಆ ಮುದುಕನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆರು ಶ್ರಾವಣ ಅವಳು ತನ್ನೊಬ್ಬಳಿಗೇ ಹೀಗೆ ಅಂದುಕೊಂಡು ಬೆಂದಿದ್ದಾಳೆ, ನಾಲ್ಕು ಮಾರು ದೂರದಲ್ಲಿ ಅದೇ ಬೆಂಕಿಯವನು ನಿಂತು ನೋಡಿದ್ದಾನೆ. ಆದರೆ ಅಕ್ಕ ಬೈಯಲಿಲ್ಲ. ವ್ಯಾಸಪೀಠದ ಮೇಲಿದ್ದ ಮೊದಲನೇ ತುಂಡು ಎತ್ತಿ, ಅವನ ಕೈಯಲ್ಲಿದ್ದುದರ ಮೇಲೆ ಇಟ್ಟಳು.

"ಮುಂದಿನ ಶ್ರಾವಣಕ್ಕ ಇವೆರಡು ನಿಮ್ವು, ನಡುವಿನ್ವು ನನ್ವು" ಅಂದಳು. ಯಾರನ್ನೂ ಕೇಳಲಿಲ್ಲ.

ಅಜ್ಜ ಕೂರಲಾರದೆ, ಹೋಗಲಾರದೆ, ಎರಡು ತುಂಡು ಎದೆಗೆ ಅವುಚಿಕೊಂಡು ನಿಂತಿದ್ದ. ಗೋವಿಂದರಾಜ ಅವನ ಸೊಂಟವನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಆಮೇಲೆ ಪೆಂಡಾಲಿನ ಕಡೆ ಹೋದ. ತಿರುಗಿ ಬರುವಾಗ ಅವನ ಕೈಯಲ್ಲಿ ಎರಡು ಕುರ್ಚಿ ಇದ್ದವು.